ಪ್ರೇಕ್ಷಕರಿಗೆ ಬೆನ್ನು ಮಾಡಿ ಕೂತ ಹೆಂಗಸರು

ಗೋವಾಕ್ಕೆ ನಾನು ಬಂದದ್ದು ಗೌಂಡಿ ಕೆಲಸಕ್ಕೆ, ಎಂಬತ್ತರ ದಶಕದ ನಡುವಿನಲ್ಲಿ. ಕೆಲವು ವರ್ಷ ಮಡಗಾಂವ್ ಸುತ್ತಮುತ್ತ ಮನೆ ಕಟ್ಟಿದೆ. ಆಮೇಲೆ ಕುಂಕಳ್ಳಿಯ ಒಂದು ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಕ್ಕಿತು. ಆದರೂ ರವಿವಾರ ಯಾರಾದರೂ ಕರೆದರೆ ಗೋಡೆ ರಿಪೇರಿಗೆ ಹೋಗುತ್ತಿದ್ದೆ. ಹೀಗಾಗಿ ಒಂದು ರವಿವಾರ ಪಾವು ಬ್ರೆಡ್ಡು ಮಾರುವವನು ನಮ್ಮ ಓಣಿಯಲ್ಲಿ ಸೈಕಲ್ ನಿಲ್ಲಿಸಿ, "ಚರ್ಚಿನ ಹಿಂದಿನ ಮನೆಯ ಮೇಸ್ತ ನಿನ್ನನ್ನ ಕರೀತಿದ್ದಾರೆ" ಅಂದಾಗ ನನ್ನ ಕಿವಿಗೆ ಅದು ಮೇಸ್ತ್ರಿ ಎಂದೇ ಬಿತ್ತು. ಕರಣಿ, ಸುತ್ತಿಗೆ ಚೀಲದಲ್ಲಿ ಹಾಕಿಕೊಂಡು ಹೋದೆ.

ಕೆಂಪು ಕಲ್ಲಿನ ಹಳೇ ಮನೆ. ಜಗಲಿಯ ಮೇಲೆ ಎತ್ತರದ, ಒಣಕಲು ಮೈಯ ಮನುಷ್ಯರೊಬ್ಬರು ಕೂತಿದ್ದರು. ತಲೆಗೂದಲೆಲ್ಲ ಬಿಳಿ. ನಾನು ಕೇಳಿದೆ, "ಗ್ವಾಡಿ ಎಲ್ಲಿ ಬಿದ್ದೈತ್ರಿ?"

ಅವರು ನನ್ನ ಚೀಲ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಕೆಮ್ಮು ಬರುವವರೆಗೆ ನಕ್ಕರು. ಗೋವಾದಲ್ಲಿ ಮೇಸ್ತ ಅಂದರೆ ಸಂಗೀತ ಕಲಿಸುವ ಗುರು ಅಂತ ನನಗೆ ಗೊತ್ತಾದದ್ದು ಅವತ್ತೇ. ಸಂಜೆ ಪಾಳಿ ಮುಗಿಸಿ ಬಂದು ನಮ್ಮ ಶೆಡ್ಡಿನ ಹಿಂದೆ ಕೂತು ನಾನು ಕ್ಲಾರಿಯೊನೆಟ್ ಊದುವುದನ್ನು ಪಾವಿನವನು ಕೇಳಿಸಿಕೊಂಡು ಹೋಗಿ ಅವರಿಗೆ ಹೇಳಿದ್ದನಂತೆ.

ನಾವು ವಿಜಯಪುರ ಕಡೆಯ ಪಿಂಜಾರರು. ನಮ್ಮಪ್ಪ ಅರಳೆ ಹಿಂಜಿ ಗಾದಿ ಮಾಡುತ್ತಿದ್ದರು, ಲಗ್ನದ ದಿನಗಳಲ್ಲಿ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೊನೆಟ್ ಬಾರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ವಾದ್ಯ ನನ್ನ ಪಾಲಿಗೆ ಬಂತು. ಅದನ್ನು ತಲೆದಿಂಬಿನ ಚೀಲದಲ್ಲಿ ಸುತ್ತಿ ಗೋವಾಕ್ಕೆ ತಂದಿದ್ದೆ.

ಮೇಸ್ತ ಅದನ್ನು ತರಿಸಿ ನೋಡಿದರು. ತಮ್ಮ ವಾದ್ಯದ ಜೊತೆ ಊದಿಸಿದಾಗ ನನ್ನ ಸ್ವರ ಕೂದಲೆಳೆಯಷ್ಟು ಮೇಲಿತ್ತು. "ಇದು ಕೂಡಾಂಗಿಲ್ಲರೀ, ಬಿಡ್ರಿ" ಅಂದೆ. ಅವರು ಬಿಡಲಿಲ್ಲ. ಮೇಲಿನ ತುಂಡನ್ನು ಸ್ವಲ್ಪ ಹೊರಗೆಳೆದು, ಸಂದಿಗೆ ದಾರ ಸುತ್ತಿ, ಊದಿಸಿ, ಮತ್ತೆ ಎಳೆದು, ಮತ್ತೆ ಊದಿಸಿ, ಬಿಸಿಲು ಇಳಿಯುವ ಹೊತ್ತಿಗೆ ಎರಡೂ ವಾದ್ಯ ಒಂದೇ ಸ್ವರ ಹೇಳುವ ಹಾಗೆ ಮಾಡಿದರು. "ನಿಮ್ಮ ತಂದೆಯ ವಾದ್ಯ ಚೆನ್ನಾಗಿದೆ. ಅದಕ್ಕೆ ನಮ್ಮ ಪರಿಚಯ ಇರಲಿಲ್ಲ, ಅಷ್ಟೇ" ಅಂದರು. ಅವರ ಮಾತು ಹಿಂದಿ, ಕೊಂಕಣಿ ಕಲಸಿದ್ದು. ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೇಸ್ತ ಹರೆಯದಲ್ಲಿ ಹಡಗುಗಳ ಮೇಲೆ ಬಾರಿಸುತ್ತಿದ್ದವರು. ದೇಶ ದೇಶ ತಿರುಗಿ ಬಂದು ಊರ ಹಬ್ಬದ ಬ್ಯಾಂಡು ನಡೆಸುತ್ತಿದ್ದರು. ಅದರಲ್ಲಿ ಊದುವವರನ್ನಷ್ಟೇ ಆರಿಸಿ ಒಂದು ಸಣ್ಣ ಮೇಳ ಕಟ್ಟಿದ್ದರು. ಸರ್ಕಾರಿ ದವಾಖಾನೆಯ ನರ್ಸ್ ಒಬ್ಬರು ಬೆಳ್ಳಿ ಬಣ್ಣದ ಕೊಳಲು ಬಾರಿಸುತ್ತಿದ್ದರು. ಒಬ್ಬ ಬಸ್ ಡ್ರೈವರ್ ಟ್ಯೂಬಾ ಎಂಬ ಆನೆ ಸೊಂಡಿಲಿನಂಥ ದೊಡ್ಡ ಹಿತ್ತಾಳೆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಉಳಿದವರು ಮಾಸ್ತರರು, ಬಡಗಿಗಳು, ಹೋಟೆಲಿನವರು. ಕನ್ನಡದವನು ನಾನೊಬ್ಬನೇ.

ನನಗೆ ಕೇಳಿ ಬಾರಿಸಲು ಬರುತ್ತಿತ್ತು, ಕಾಗದ ನೋಡಿ ಬಾರಿಸಲು ಬರುತ್ತಿರಲಿಲ್ಲ. ಮೇಸ್ತ ವಾರಕ್ಕೆ ಎರಡು ಸಂಜೆ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಐದು ಗೆರೆಯ ಆ ಲಿಪಿ ಕಲಿಸಿದರು. ಮಳೆಗಾಲ ಪೂರ್ತಿ ಕಲಿಸಿದರು. ತಪ್ಪಿದಾಗ ಬೈಯಲಿಲ್ಲ. ಪೆನ್ಸಿಲಿನಿಂದ ಆ ಚುಕ್ಕಿಯನ್ನು ಮೆಲ್ಲಗೆ ತಟ್ಟಿ ಸುಮ್ಮನೆ ಕಾಯುತ್ತಿದ್ದರು. ಅಷ್ಟು ತಾಳ್ಮೆಯಿಂದ ನನಗೆ ಅದಕ್ಕೆ ಮುಂಚೆ ಯಾರೂ ಏನನ್ನೂ ಕಲಿಸಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ವರ್ಷ ಮಳೆ ನಿಂತ ಮೇಲೆ ಮೇಸ್ತ ಎಲ್ಲರನ್ನೂ ಕೂಡಿಸಿ, ಈ ಸಲ ದೀಪಾವಳಿಯಿಂದ ಬೇಸಿಗೆಯವರೆಗೆ ನಮ್ಮದೇ ನಾಲ್ಕು ಕಛೇರಿಗಳು ಅಂದರು. ಬಾರಿಸುವುದು ಯುರೋಪಿನ ಹಳೇ ಶಾಸ್ತ್ರೀಯ ಸಂಗೀತ. ಆದರೆ ಪ್ರತಿ ಕಛೇರಿಯಲ್ಲೂ ನಮ್ಮ ಜೊತೆ ಬೇರೆ ಯಾವುದಾದರೂ ಕಲೆಯವರು ಇರಬೇಕು.

ಟ್ಯೂಬಾದ ಡ್ರೈವರ್ ಕೇಳಿದ, "ಹಬ್ಬಕ್ಕೆ ಬಾರಿಸ್ತೇವೆ, ಸತ್ತವರ ಮಣ್ಣಿಗೆ ಬಾರಿಸ್ತೇವೆ. ಸಾಲದೇ?"

"ಹಬ್ಬದಲ್ಲಿ ಜನ ಉಣ್ಣುತ್ತಾರೆ, ಮಣ್ಣಿನಲ್ಲಿ ಅಳುತ್ತಾರೆ" ಅಂದರು ಮೇಸ್ತ. "ನಮ್ಮನ್ನು ಕೇಳುವವರು ಯಾರು? ಇಷ್ಟು ವರ್ಷ ಊದಿದ್ದೇನೆ, ಒಂದು ಸಲವಾದರೂ ಜನ ಬರೀ ಕೇಳಲಿಕ್ಕೆ ಕೂರಬೇಕು. ಕಣ್ಣಿಗೆ ಏನೋ ಕೊಟ್ಟರೆ ಕೂರುತ್ತಾರೆ. ಕೂತರೆ ಕಿವಿ ತಾನಾಗಿ ತೆರೆಯುತ್ತದೆ."

ಮೊದಲ ಕಛೇರಿಗೆ ಅವರು ಕರೆದದ್ದು ಒಬ್ಬ ಕುಂಬಾರರನ್ನು. ಹತ್ತಿರದ ಶಾಲೆಯ ಸಭಾಂಗಣ. ವೇದಿಕೆಯ ನಡುವೆ ತಿಗರಿ, ಅದರ ಸುತ್ತ ನಾವು. ಜನ ಮೊದಲು ಕಿಸಕಿಸ ನಕ್ಕರು. ಕುಂಬಾರರು ಯಾರನ್ನೂ ನೋಡದೆ ಮಣ್ಣಿನ ಮುದ್ದೆ ಇಟ್ಟು ತಿಗರಿ ತಿರುಗಿಸಿದರು. ನಾವು ನಿಧಾನದ ಒಂದು ಭಾಗ ಶುರುಮಾಡಿದೆವು. ಇನ್ನೂರು ವರ್ಷ ಹಿಂದೆ ಯಾವುದೋ ರಾಜನ ಊಟದ ಹೊತ್ತಿಗೆಂದು ಬರೆದ ಸಂಗೀತವಂತೆ. ಮಣ್ಣು ಮೇಲೇಳುತ್ತ ಬಂತು, ಕಂಠ ಬಂತು, ಬಾಯಿ ಬಂತು. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗಡಿಗೆ ಮುಗಿದಾಗ ನಮ್ಮ ಸಂಗೀತ ಇನ್ನೂ ಉಳಿದಿತ್ತು. ನಾನು ಗಾಬರಿಯಾದೆ, ಈಗ ಇವರು ಏನು ಮಾಡುತ್ತಾರೆ ಅಂತ. ಕುಂಬಾರರು ದಾರದಿಂದ ಗಡಿಗೆ ಕತ್ತರಿಸಿ ಪಕ್ಕಕ್ಕಿಟ್ಟರು. ಇನ್ನೊಂದು ಮುದ್ದೆ ತೆಗೆದುಕೊಳ್ಳಲಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು, ಖಾಲಿ ತಿಗರಿ ತಿರುಗಿ ತಿರುಗಿ ತಾನೇ ನಿಲ್ಲುವುದನ್ನು ನೋಡುತ್ತ ಕೂತರು. ಅದು ನಿಲ್ಲುವುದಕ್ಕೂ ನಮ್ಮ ಕೊನೆಯ ಸ್ವರಕ್ಕೂ ಹೆಚ್ಚು ಅಂತರ ಇರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಜನ ಹೊಗಳಿದರು. ಆದರೆ ಮೇಸ್ತರ ಮುಖ ಅರಳಲಿಲ್ಲ. ಸಭಾಂಗಣಕ್ಕೆ ಸಿಮೆಂಟ್ ಶೀಟಿನ ಸೂರು, ಬೋಳು ಗೋಡೆ. ನಾವು ಊದಿದ್ದೆಲ್ಲ ಗೋಡೆಗೆ ಬಡಿದು ತಿರುಗಿ ಬಂದು, ಮುಂದಿನ ಸ್ವರದ ಮೇಲೆ ಬೀಳುತ್ತಿತ್ತು. "ಹಿಂದಿನ ಬೆಂಚಿನವರಿಗೆ ಬರೀ ಗದ್ದಲ ಕೇಳಿದೆ" ಅಂದರು.

ನಾನು ಗಾದಿ ಮಾಡುವವರ ಮಗ. ಮನೆ ತುಂಬ ಅರಳೆ ಇದ್ದ ದಿನ ಅಪ್ಪನ ಕ್ಲಾರಿಯೊನೆಟ್ ಮೆತ್ತಗೆ ಕೇಳುತ್ತಿದ್ದದ್ದು ನೆನಪಿತ್ತು. "ಗೋಡೆಗೆ ಕೌದಿ ಹಾಕಿ ನೋಡೂಣೇನ್ರಿ?" ಅಂದೆ. ಹಳೇ ಸೀರೆ, ಲುಂಗಿ, ಅಂಗಿಗಳ ತುಂಡು ಒಂದರ ಮೇಲೊಂದು ಇಟ್ಟು ಹೊಲಿದ ನಮ್ಮ ಕಡೆಯ ಹೊದಿಕೆ ಅಂತ ಅವರಿಗೆ ಬಿಡಿಸಿ ಹೇಳಿದೆ. ನಮ್ಮ ಓಣಿಯಲ್ಲಿ ಕೌದಿ ಇಲ್ಲದ ಮನೆ ಇರಲಿಲ್ಲ. ಬಾಗಲಕೋಟೆ, ಗದಗ, ವಿಜಯಪುರ ಕಡೆಯಿಂದ ಬಂದ ಹಿಂದೂ, ಮುಸಲ್ಮಾನ ಮನೆಗಳು. ಒಲೆ ಬೇರೆ, ಕೌದಿ ಒಂದೇ ತರಹ. ಕೇಳಿದ ಮನೆಯವರೆಲ್ಲ ಕೊಟ್ಟರು. ಟೆಂಪೋದಲ್ಲಿ ಹೇರಿಕೊಂಡು ಹೋಗಿ, ಎರಡನೇ ಕಛೇರಿಯ ಹಿಂದಿನ ದಿನ ಗೋಡೆಗಳ ಮೇಲೆ ಹಗ್ಗ ಕಟ್ಟಿ ತೂಗುಹಾಕಿದೆವು. ಮೇಸ್ತ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರು. ಸದ್ದು ಹೋಯಿತು, ತಿರುಗಿ ಬರಲಿಲ್ಲ.

ಎರಡನೇ ಕಛೇರಿ ಒಬ್ಬ ಭರತನಾಟ್ಯದ ಶಿಕ್ಷಕಿಯ ಜೊತೆ. ಫೋಂಡಾದವರು. ತಾಲೀಮಿನಲ್ಲಿ ಅವರ ಲೆಕ್ಕ ಒಂದು ಕಡೆ, ನಮ್ಮ ಕಾಗದದ ಲೆಕ್ಕ ಇನ್ನೊಂದು ಕಡೆ ಓಡಿತು. ಇಬ್ಬರದೂ ತಪ್ಪಲ್ಲ, ಆದರೂ ಕೂಡುತ್ತಿರಲಿಲ್ಲ. ಮೇಸ್ತ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಮಗೆ ತಾಳ ತೋರಿಸುವ ಸಣ್ಣ ಕೋಲನ್ನು ಜೇಬಿಗಿಟ್ಟು, ಕೆಳಗಿಳಿದು ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು. "ನನ್ನ ಕೈ ನೋಡಬೇಡಿ. ಆಕೆಯ ಪಾದ ನೋಡಿ" ಅಂದರು. ಕಛೇರಿಯ ದಿನವೂ ಹಾಗೇ ಮಾಡಿದರು. ತಮ್ಮ ಮೇಳದ ಮುಂದಿನ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಜನರ ನಡುವೆ ಕೂರುವ ಮೇಳದ ಯಜಮಾನರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಅಲ್ಲಿ ಬೆಂಚಿನ ಮೇಲೆ ಕೂತಾಗಲೇ ಅವರ ಕಣ್ಣು ಗೋಡೆಯ ಕೌದಿಗಳ ಮೇಲೆ ನಿಂತದ್ದು. ಕಛೇರಿ ಮುಗಿದ ಮೇಲೆ ಒಂದೊಂದನ್ನೂ ಹತ್ತಿರದಿಂದ ನೋಡುತ್ತ ನಡೆದರು. ಒಂದರ ಮುಂದೆ ನಿಂತರು. ಹಸಿರು, ಕೆಂಪು ಚೌಕಗಳು. ಅಂಚಿನಿಂದ ಒಳಗೆ ಸುತ್ತುತ್ತ ಬಂದ ಹೊಲಿಗೆ.

"ಇದು ಯಾರು ಮಾಡಿದ್ದು?"

"ನನ್ನ ಹೆಂಡತಿ ಮಾಡಿದ್ದರಿ."

"ಮೂರನೇ ಕಛೇರಿ ಅವರ ಜೊತೆ" ಅಂದರು.

ಮನೆಗೆ ಬಂದು ಹೇಳಿದೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನಾ ಏನ್ ತಮಾಷೆ ಗೊಂಬಿ ಏನ್ರಿ? ಮಂದಿ ಮುಂದ ಕುಂತು ಸೂಜಿ ಹಿಡಿಯಾಕ? ಕೌದಿ ಹೊಲಿಯೂದು ನೋಡಾಕ ಯಾರರ ಬರ್ತಾರೇನು? ನಿಮ್ಮ ಮೇಸ್ತಗ ವಯಸ್ಸಾಗೇತಿ."

ಮುಂದಿನ ರವಿವಾರ ಮೇಸ್ತ ತಾವೇ ನಮ್ಮ ಓಣಿಗೆ ಬಂದರು. ಏರು ದಾರಿ. ಎದೆಯ ತೊಂದರೆ ಇದ್ದವರು, ನಾಲ್ಕು ಕಡೆ ನಿಂತು ನಿಂತು ಬಂದರು. ಹೆಂಡತಿ ತಲೆ ಮೇಲೆ ಸೆರಗು ಎಳೆದುಕೊಂಡು ಚಹಾ ಕೊಟ್ಟಳು. ಓಣಿಯ ಹೆಂಗಸರು ಬಾಗಿಲಲ್ಲಿ ಸೇರಿದರು. ಮೇಸ್ತ ಒತ್ತಾಯ ಮಾಡಲಿಲ್ಲ. ಒಂದು ಕೌದಿ ತೊಡೆಯ ಮೇಲೆ ಹರಡಿಕೊಂಡು, ಈ ತುಂಡು ಯಾರ ಸೀರೆ, ಇದು ಏನು, ಅದು ಏನು ಅಂತ ಕೇಳುತ್ತ ಹೋದರು. ನಾನು ನಡುವೆ ಕೂತು ಎರಡೂ ಕಡೆ ಮಾತು ದಾಟಿಸುತ್ತಿದ್ದೆ. ಇದು ನಮ್ಮವ್ವನ ಸೀರಿ, ಇದು ಹಳೇ ಪರಕಾರ, ಇದು ಇವರ ಕಾರ್ಖಾನಿ ಅಂಗಿ. ಹೆಂಗಸರ ನಾಚಿಕೆ ಬಿಡುತ್ತ ಬಂತು. ಕಡೆಗೆ ಪಕ್ಕದ ಮನೆಯ ಗದಗಿನ ಕಾಕು ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ಗುಸುಗುಸು ಮಾತಾಡಿದರು. ಆಮೇಲೆ ನನ್ನ ಹೆಂಡತಿ ನನಗೆ ಹೇಳಿದಳು:

"ಅವರಿಗೆ ಹೇಳ್ರಿ. ನಾವು ಬರ್ತೇವಿ. ಆದ್ರ ಮಂದಿ ಕಡೆ ಮಾರಿ ಮಾಡಿ ಕುಂದ್ರಾಂಗಿಲ್ಲ. ಬಾರಿಸವರ ಕಡೆ ಮಾರಿ ಮಾಡಿ ಕುಂದ್ರತೇವಿ. ಮಂದಿ ಬೇಕಾದ್ರ ನಮ್ಮ ಬೆನ್ನು ನೋಡ್ಕೋತ ಕುಂದ್ರಲಿ."

ನಾನು ಹೇಳಲೋ ಬೇಡವೋ ಅಂತ ಅಳುಕುತ್ತಲೇ ಹೇಳಿದೆ. ಮೇಸ್ತ ಕೌದಿ ಪಕ್ಕಕ್ಕಿಟ್ಟು ಕೆಳಗೆ ಬಗ್ಗಿದರು. ಬೆರಳಿನಿಂದ ಅಂಗಳದ ಮಣ್ಣಿನಲ್ಲಿ ಗೆರೆ ಎಳೆದರು: ಇಲ್ಲಿ ಮೇಳ, ಎದುರಿಗೆ ಹೆಂಗಸರು, ನಡುವೆ ಕೌದಿ, ಅವರ ಹಿಂದೆ ಜನ. ಜನರಿಗೆ ಕೌದಿ ಕಾಣುವುದಿಲ್ಲವಲ್ಲ ಅಂತ ಜನರ ಗೆರೆ ಅಳಿಸಿ ಬೇರೆ ಕಡೆ ಎಳೆದರು. ತಲೆ ಎತ್ತಿದಾಗ ಅವರ ಕಣ್ಣು ಹೊಳೆಯುತ್ತಿದ್ದವು. "ಜನರನ್ನು ವೇದಿಕೆಯ ಮೇಲೆ ಕೂರಿಸೋಣ. ನಾವೆಲ್ಲ ಕೆಳಗೆ ನೆಲದ ಮೇಲೆ. ಅವರು ಮೇಲಿನಿಂದ ನೋಡಲಿ. ಇದು ನನಗೆ ಹೊಳೆದೇ ಇರಲಿಲ್ಲ. ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ." ಅವಳು ಎದುರಿಗೇ ಇದ್ದಳು. ಆದರೂ ನಾನು ಹೇಳಿದೆ.

ಹೆಂಗಸರು ಸಂಜೆ ಮನೆ ಬಿಟ್ಟು ತಾಲೀಮಿಗೆ ಬರುವುದು ಕಷ್ಟ. ಅದಕ್ಕೆ ಮೇಳವೇ ನಮ್ಮ ಓಣಿಗೆ ಬಂತು. ಕಟ್ಟಡಕ್ಕೆಂದು ಪೇರಿಸಿಟ್ಟ ಕೆಂಪು ಕಲ್ಲುಗಳ ಮೇಲೆ ಕೂತು ಊದಿದೆವು. ನರ್ಸಮ್ಮ ಪಾಳಿ ಮುಗಿಸಿ ಬಿಳಿ ಸೀರೆಯಲ್ಲೇ ಬಂದಿದ್ದರು. ಟ್ಯೂಬಾ ಮೊದಲ ಸಲ ಗುಡುಗಿದಾಗ ಹೆಂಗಸರು ಬೆಚ್ಚಿ, ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಎಮ್ಮಿ ಕರುವಿನ್ನ ಕರದಂಗ ಆತು" ಅಂದರು ಗದಗಿನ ಕಾಕು. ಇದನ್ನು ಡ್ರೈವರಿಗೆ ಹೇಳಿದೆ. ಅವನು ಎದ್ದು ನಿಂತು ಕಾಕುವಿಗೆ ಬಗ್ಗಿ ಕೈ ಮುಗಿದು, ಇನ್ನೊಮ್ಮೆ ಅದೇ ಸ್ವರ ಊದಿದ. ಅವತ್ತಿನಿಂದ ಹೆಂಗಸರಿಗೆ ಮೇಳದ ಮೇಲೆ ಸಲಿಗೆ ಬಂತು.

ಕಛೇರಿಯ ದಿನ ಶಾಲೆಯ ಜವಾನ ಬೆಂಚುಗಳನ್ನು ವೇದಿಕೆಯ ಮೇಲೆ ಹತ್ತಿಸುತ್ತ ಗೊಣಗಿದ. ಬಂದ ಜನಕ್ಕೂ ಗಲಿಬಿಲಿ. ಹಿಡಿಸಿದಷ್ಟು ಮಂದಿ ಮೇಲೆ ಕೂತರು, ಉಳಿದವರು ಗೋಡೆಗುಂಟ ನಿಂತರು. ಕೆಳಗೆ ಚಾಪೆಯ ಮೇಲೆ ದೊಡ್ಡ ಕೌದಿ ಹರಡಿತ್ತು. ನಮ್ಮ ಓಣಿಯ ಹೆಂಗಸರು ಒಂದು ಸಾಲಾಗಿ, ಜನರಿಗೆ ಬೆನ್ನು ಮಾಡಿ, ಅದರ ಅಂಚು ತೊಡೆಯ ಮೇಲೆ ಎಳೆದುಕೊಂಡು ಕೂತರು. ಎದುರಿಗೆ ನಾವು.

ಮೊದಲ ಭಾಗ ಚುರುಕಿನದು. ಸೂಜಿಗಳೂ ಚುರುಕಾಗಿ ಓಡಿದವು. ನಾನು ಕಾಗದ ಬಿಟ್ಟು ತಲೆ ಎತ್ತಲಿಲ್ಲ. ಎರಡನೆಯದು ನಿಧಾನದ್ದು, ಅದರಲ್ಲಿ ಒಂದು ಕಡೆ ಉಳಿದವರೆಲ್ಲ ಮೆತ್ತಗಾಗಿ ನನ್ನ ಕ್ಲಾರಿಯೊನೆಟ್ ಒಂದೇ ಮೇಲೆ ಬರಬೇಕು. ಆ ಭಾಗ ನನಗೆ ಬಾಯಿಪಾಠವಾಗಿತ್ತು. ಊದುತ್ತ ತಲೆ ಎತ್ತಿದೆ. ಎದುರಿಗೆ ನನ್ನ ಹೆಂಡತಿ.

ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ನಾನು ಊದುವಾಗ ಅವಳ ಮುಖ ನೋಡಿರಲಿಲ್ಲ. ನಾನು ಶೆಡ್ಡಿನ ಹಿಂದೆ, ಅವಳು ಒಲೆಯ ಮುಂದೆ. ಓಣಿಯ ತಾಲೀಮಿನಲ್ಲೂ ನನ್ನ ಕಣ್ಣು ಕಾಗದದ ಮೇಲೇ ಇತ್ತು. ಅವಳಿಗೆ ಕೇಳುತ್ತದೋ ಇಲ್ಲವೋ ಅಂತ ಯೋಚಿಸಿಯೂ ಇರಲಿಲ್ಲ. ಈಗ ಅವಳ ಸೂಜಿ ನಿಂತಿತ್ತು. ದಾರ ಎಳೆದ ಕೈ ಅರ್ಧದಲ್ಲೇ ಇತ್ತು. ಕಣ್ಣಿನ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು, ಪರಿಚಯವಿಲ್ಲದ ಮನುಷ್ಯನನ್ನು ನೋಡಿದ ಹಾಗೆ. ನನ್ನ ಉಸಿರು ಎಲ್ಲಿ ತಪ್ಪುತ್ತದೋ ಅಂತ ಹೆದರಿಕೆಯಾಯಿತು. ಮೇಸ್ತ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಕೋಲನ್ನು ಇನ್ನಷ್ಟು ನಿಧಾನ ಮಾಡಿದರು. ಉಳಿದವರೂ ಅವರ ಕೈ ನೋಡುತ್ತ ನಿಧಾನವಾದರು. ಅಷ್ಟು ಜಾಗ ಸಿಕ್ಕಿದ್ದರಿಂದ ನಾನು ಪೂರ್ತಿ ಉಸಿರು ತೆಗೆದುಕೊಂಡು ಆ ಸಾಲನ್ನು ಕೊನೆ ಮುಟ್ಟಿಸಿದೆ. ನಾನು ಜೀವಮಾನದಲ್ಲಿ ಚಲೋ ಬಾರಿಸಿದ್ದು ಯಾವಾಗ ಅಂತ ಯಾರಾದರೂ ಕೇಳಿದರೆ ಅದೇ ಒಂದು ಸಾಲು.

ಮುಗಿದ ಮೇಲೆ ಯಾರೂ ತಕ್ಷಣ ಚಪ್ಪಾಳೆ ತಟ್ಟಲಿಲ್ಲ. ವೇದಿಕೆಯ ಮೇಲಿಂದ ಗೌನು ತೊಟ್ಟ ಒಬ್ಬ ಮುದುಕಿ ಮೆಟ್ಟಿಲು ಹಿಡಿದು ಕೆಳಗಿಳಿದು ಬಂದು, ಸುತ್ತು ಹಾಕಿ ಹೆಂಗಸರ ಎದುರಿಗೆ ನಿಂತು, ಒಬ್ಬೊಬ್ಬರ ಮುಖ ನೋಡಿ ತಲೆದೂಗಿದರು. ಅವರ ಹಿಂದೆ ಉಳಿದವರೂ ಇಳಿದು ಬಂದರು. ನಮ್ಮ ಹೆಂಗಸರು ಸೆರಗು ಎಳೆದುಕೊಂಡರು. ಆದರೆ ಯಾರೂ ಎದ್ದು ಹೋಗಲಿಲ್ಲ. ಹೊಲಿಗೆ ಹೇಗೆ ಅಂತ ಕೇಳಿದವರಿಗೆ ಕೈ ಮಾಡಿ ತೋರಿಸಿದರು. ಚಪ್ಪಾಳೆ ಶುರುವಾದದ್ದು ಆಮೇಲೆ, ಎಲ್ಲರೂ ನೆಲದ ಮೇಲೆ ಒಂದೇ ಮಟ್ಟದಲ್ಲಿ ನಿಂತಾಗ.

ಟೆಂಪೋದಲ್ಲಿ ಮನೆಗೆ ಬರುವಾಗ ಹೆಂಡತಿ ಕೌದಿ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಅಂದಳು, "ನೀವು ಊದೂ ಮುಂದ ನಿಮ್ಮ ಮಾರಿ ಥೇಟ್ ಮಾವನ ಮಾರಿ ಹಂಗ ಆಗ್ತೈತಿ."

"ಖರೇ?" ಅಂದೆ.

"ಖರೇರಿ. ಒಳಗ ಕುಂತು ಊದ್ರಿ ಇನ್ಮ್ಯಾಲೆ. ಹಿತ್ತಲದಾಗ ಸೊಳ್ಳಿ ಕಡೀತಾವ."

ನಾಲ್ಕನೆಯ ಕಛೇರಿ ಅಂದುಕೊಂಡ ಹಾಗೆ ನಡೆಯಲಿಲ್ಲ. ಮೇಸ್ತರಿಗೆ ಎದೆಯ ತೊಂದರೆ ಹೆಚ್ಚಾಗಿ ದವಾಖಾನೆ ಸೇರಿದರು. ನರ್ಸಮ್ಮ ಅವರನ್ನು ಮಗಳ ಹಾಗೆ ನೋಡಿಕೊಂಡರು. ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಮೇಳ ಇನ್ನು ಮುಗಿಯಿತು ಅಂತ ನಮಗೆಲ್ಲ ಅನ್ನಿಸಿತ್ತು. ಕಲಂಗುಟ್‌ನ ಹೋಟೆಲುಗಳಲ್ಲಿ ಪ್ರವಾಸಿಗರಿಗೆ ಬಾರಿಸಲು ಕರೆ ಬಂದು ಮೇಳದ ಇಬ್ಬರು ಆ ಕಡೆ ಹೋದರು. ಅವರನ್ನು ದೂರುವಂತಿರಲಿಲ್ಲ, ಸಂಸಾರ ಇದ್ದವರು.

ಆದರೆ ಮೇಸ್ತ ಎದ್ದು ಬಂದರು. ಬಂದವರೇ, ಉಳಿದ ಒಂದು ಕಛೇರಿ ಮಾಡಲೇಬೇಕು ಅಂದರು. ಈ ಸಲ ಕುಂಡಯಿಯ ಒಂದು ಕಾರ್ಖಾನೆಯ ಅಂಗಳ. ಊರಲ್ಲಿ ದೊಡ್ಡಾಟದಲ್ಲಿ ಅರ್ಜುನನ ಪಾತ್ರ ಮಾಡಿದ್ದ ನಮ್ಮ ಕಡೆಯ ಕೆಲಸಗಾರರೊಬ್ಬರು ಅಲ್ಲಿದ್ದರು. ಅವರು ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿಯಬೇಕು, ನಾವು ನಮ್ಮ ಯುರೋಪಿನ ಸಂಗೀತ ಬಾರಿಸಬೇಕು. ಹೇಗೆ ಕೂಡುತ್ತದೆ ಅಂತ ನನಗೇ ನಂಬಿಕೆ ಇರಲಿಲ್ಲ. ಕಹಳೆಗಳು ಒಟ್ಟಿಗೆ ಎದ್ದಾಗ ಆ ಅರ್ಜುನ ನೆಲ ಗುದ್ದಿ ಹಾಕಿದ ಮೊದಲ ಹೆಜ್ಜೆಗೇ ಅಂಗಳ ತುಂಬ ಸಿಳ್ಳೆ ಬಿತ್ತು. ಪಾಳಿ ಬಿಟ್ಟು ಬಂದವರು ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತಿದ್ದರು. ಮುಗಿದಾಗ ಒಬ್ಬ ಕೂಗಿದ, "ಬಾರಿಸೂದು ಇನ್ನೊಮ್ಮಿ ಆಗ್ಲಿ ಬಿಡ್ರಿ!"

ಒಂದು ಸಲ ಬಾರಿಸಿದ್ದನ್ನು ಅದೇ ದಿನ ಮತ್ತೆ ಬಾರಿಸುವುದು ಮೇಸ್ತರಿಗೆ ಸೇರುತ್ತಿರಲಿಲ್ಲ. ಅವರು ನನ್ನ ಕಡೆ ತಿರುಗಿ ಕೇಳಿದರು, "ಏನಂತೆ?"

"ಇನ್ನೊಂದ್ ಸಲ ಕೇಳಬೇಕಂತರಿ."

"ಕೇಳಬೇಕು ಅಂದರೇ? ನೋಡಬೇಕು ಅಲ್ಲ?"

"ಅಲ್ಲರೀ. ಕೇಳಬೇಕಂತ."

ಅರ್ಜುನನಾಗಿದ್ದವರು ಬೆವರು ಒರೆಸಿಕೊಳ್ಳುತ್ತ ಕಿರೀಟ ಬಿಚ್ಚಿ ಜನರ ನಡುವೆ ಹೋಗಿ ಕೂತರು. ಮೇಸ್ತ ಒಂದು ಕ್ಷಣ ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಸರಿಮಾಡಿಕೊಂಡರು. ಆಮೇಲೆ ಕೋಲೆತ್ತಿದರು. ನಾವು ಮೊದಲಿನಿಂದ ಬಾರಿಸಿದೆವು. ಅಂಗಳದಲ್ಲಿ ಯಾರೂ ಅಲುಗಾಡಲಿಲ್ಲ.